ಆಕಾಶದ ತುಂಡಿಗೆ ಸುಂಕ

ಸಾವಿರ ತುಂಡುಗಳ ಜಿಗ್ಸಾ ಪಜಲ್ ಒಂದನ್ನು ಹೊರದೇಶದಿಂದ ತರಿಸಿಕೊಂಡು, ಅದರ ಬೆಲೆಗೆ ಸಾಗಣೆ ಮತ್ತು ವಿಮೆಯ ವೆಚ್ಚ ಕೂಡಿಸಿ ಬಂದ ಮೊತ್ತದ ಮೇಲೆ ಕಸ್ಟಮ್ಸ್ ಸುಂಕವನ್ನೂ, ಆ ಸುಂಕವೂ ಸೇರಿದ ಮೊತ್ತದ ಮೇಲೆ ಮತ್ತೊಂದು ತೆರಿಗೆಯನ್ನೂ ಕಟ್ಟಿದ್ದೆ. ತೆರಿಗೆಗೂ ತೆರಿಗೆ ಬೀಳುತ್ತದೆಂಬುದು ನಿಮಗೇನೂ ಹೊಸದಲ್ಲವಾದ್ದರಿಂದ ಆ ಗೋಳನ್ನು ಇಲ್ಲಿ ತೋಡಿಕೊಳ್ಳುವುದಿಲ್ಲ. ನನ್ನ ಗೋಳು ಶುರುವಾದದ್ದು, ತಿಂಗಳೊಪ್ಪತ್ತು ಬೆನ್ನು ಬಗ್ಗಿಸಿ ಜೋಡಿಸಿದ ಮೇಲೆ ಚಿತ್ರದ ಆಕಾಶದ ಎಡಮೂಲೆಯಲ್ಲಿ ಕಂಡ ಒಂದು ತೂತಿನಿಂದ.

ತಯಾರಕರಿಗೆ ಬರೆದೆ. ಆ ಪುಣ್ಯಾತ್ಮರು ಕ್ಷಮೆ ಕೇಳಿ, ಬದಲಿ ತುಂಡನ್ನು ಪುಕ್ಕಟೆಯಾಗಿ ಕೊರಿಯರ್‌ನಲ್ಲಿ ಕಳುಹಿಸಿದರು. ಮೊನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಕೊರಿಯರ್ ಕಚೇರಿಯಿಂದ ಕರೆ ಬಂತು.

“ಪಾರ್ಸೆಲ್ಲಿನಲ್ಲಿ ಏನಿದೆ ಸರ್?”

“ಒಂದು ತುಂಡು ಆಕಾಶ.”

“ಅರ್ಥವಾಯಿತು ಸರ್. ಬೆಲೆ ಎಷ್ಟು?”

ಪುಕ್ಕಟೆ ಬಂದದ್ದು ಎಂದೆ. “ಅರ್ಥವಾಯಿತು ಸರ್. ಪುಕ್ಕಟೆ ಎಂದರೆ ನೀವು ದುಡ್ಡು ಕೊಟ್ಟಿಲ್ಲ ಎಂದಷ್ಟೇ, ವಸ್ತುವಿಗೆ ಬೆಲೆಯಿಲ್ಲ ಎಂದಲ್ಲ. ಸೊನ್ನೆ ಎಂದು ಬರೆಯಲಾಗುವುದಿಲ್ಲ.” ಇಂಥ ವೇದಾಂತವನ್ನು ಬಾಯಲ್ಲಿ ನೊರೆ ಇಟ್ಟುಕೊಂಡು ಕೇಳುವುದು ಕಷ್ಟ. ಪಜಲ್‌ನ ಬೆಲೆಯನ್ನು ಸಾವಿರದಿಂದ ಭಾಗಿಸಿ ಹೇಳಿದೆ. ಅವರ ಫಾರಂನಲ್ಲಿ ಅಷ್ಟು ಸಣ್ಣ ಮೊತ್ತ ಹಿಡಿಯುವುದಿಲ್ಲವಂತೆ; ನನ್ನ ಆಕಾಶ ಅಲ್ಲಿಯೂ ಸೊನ್ನೆಯಾಯಿತು. ಇದು ಪಜಲ್ಲೋ ಪಜಲ್‌ನ ಬಿಡಿಭಾಗವೋ ಎಂಬ ಪ್ರಶ್ನೆ ಮುಂದಿನದು. 1988ರಿಂದ ಜಾರಿಯಲ್ಲಿರುವ, ಬಹುತೇಕ ಜಗತ್ತೇ ಒಪ್ಪಿಕೊಂಡಿರುವ ಸರಕುಗಳ ಸಂಕೇತ ಪಟ್ಟಿಯಲ್ಲಿ ‘ಎಲ್ಲ ಬಗೆಯ ಪಜಲ್‌ಗಳು’ ಗೊಂಬೆಗಳ ಜೊತೆ 9503ರಲ್ಲಿವೆ ಎಂಬುದು ಹಳೆಯ ಬಿಲ್ಲಿನ ದೆಸೆಯಿಂದ ನನಗೆ ಬಾಯಿಪಾಠವಾಗಿತ್ತು, ಗತ್ತಿನಿಂದ ಒಪ್ಪಿಸಿದೆ. “ಅರ್ಥವಾಯಿತು ಸರ್,” ಎಂದು, ಮತ್ತೆ ಮೊದಲಿನಿಂದ, ಪಾರ್ಸೆಲ್ಲಿನಲ್ಲಿ ಏನಿದೆ ಎಂದು ಕೇಳಿದರು. ಹನ್ನೊಂದು ಸಲ ಅವರಿಗೆ ಅರ್ಥವಾಯಿತು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂದು ಹಿರಿಯರು ಎಚ್ಚರಿಸಿದ್ದಾರೆ ನಿಜ, ಆದರೆ ಅವರ ಕಾಲದಲ್ಲಿ ಆ ಸುಂಕದವನಾದರೂ ಕಣ್ಣೆದುರು ಕೂತಿರುತ್ತಿದ್ದ.

ಕೊನೆಗೆ ಸುಂಕ ಬೀಳಲಿಲ್ಲ. ಸುಂಕ ಬೀಳುವುದಿಲ್ಲವೆಂದು ಕಾಗದಪತ್ರ ಮಾಡಿಸಿದ್ದಕ್ಕೆ ಕೊರಿಯರಿನವರ ನಿರ್ವಹಣಾ ಶುಲ್ಕ ಮತ್ತು ಆ ಶುಲ್ಕದ ಮೇಲೆ ತೆರಿಗೆ ಬಿತ್ತು. ಮೂಗಿಗಿಂತ ಮೂಗುತಿ ಭಾರ ಎನ್ನೋಣವೆಂದರೆ ಇಲ್ಲಿ ಮೂಗೇ ಇರಲಿಲ್ಲ.

ಚಿಕ್ಕಂದಿನಲ್ಲಿ ಹೊರದೇಶದ ಪೊಟ್ಟಣವೇನಾದರೂ ಬಂದರೆ ಅಂಚೆಚೀಟಿಯಿದ್ದ ಮೂಲೆಯನ್ನು ಕತ್ತರಿಸಿ, ಬಟ್ಟಲು ನೀರಿನಲ್ಲಿ ನೆನೆಹಾಕಿ, ಅದು ತಾನಾಗಿ ಬಿಡುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಪಕ್ಕದಲ್ಲಿ ಅಂಟಿಸಿದ್ದ ಹಸಿರು ಕಸ್ಟಮ್ಸ್ ಚೀಟಿ ಆಗ ಬರೀ ಕಸ. ಈಗ ಪೊಟ್ಟಣ ಕೈಗೆ ಬಂದರೆ ಒಳಗೇನಿದೆ ಎನ್ನುವುದಕ್ಕಿಂತ ಮೊದಲು ಹುಡುಕುವುದು ಸುಂಕದ ಚೀಟಿಯನ್ನೇ.

ತುಂಡು ತೂತಿನಲ್ಲಿ ಸರಿಯಾಗಿ ಕೂತಿತು. ಬಣ್ಣ ಮಾತ್ರ ಸುತ್ತಲಿನ ನೀಲಿಗಿಂತ ಒಂದು ಕೂದಲೆಳೆ ಗಾಢ. ಯಾರಿಗೂ ಗೊತ್ತಾಗುವುದಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ರಸೀದಿಯನ್ನು ಅವಳಿಗಿನ್ನೂ ತೋರಿಸಿಲ್ಲ.