ಗಾಳಿ ಬೀಸಿದರೆ ಸಾಲದು, ತಂತಿಯೂ ಬೇಕು

ಅಭಿವೃದ್ಧಿಶೀಲ ದೇಶದಲ್ಲಿ ವಿಂಡ್ ಫಾರ್ಮ್ ಮಾತೆತ್ತಿದರೆ ಮೊದಲು ತೋರಿಸುವುದೇ ಗಾಳಿಯ ನಕ್ಷೆ. ಜೋರು ಗಾಳಿ ಎಲ್ಲಿದೆಯೋ ಅಲ್ಲಿ ಟರ್ಬೈನ್ ನಿಲ್ಲಿಸಿದರಾಯಿತು ಎನ್ನುವ ಧಾಟಿಯಲ್ಲೇ ಚರ್ಚೆ ನಡೆಯುತ್ತದೆ. ಇದಕ್ಕೆ ನನ್ನ ಬಲವಾದ ತಕರಾರಿದೆ. ತಂತಿ, ನೆಲ, ಸಾಲ, ಈ ಮೂರರ ಲೆಕ್ಕ ನೋಡದ ಕಾರ್ಯಸಾಧ್ಯತಾ ವರದಿಯನ್ನು (ಯೋಜನೆ ನಡೆದೀತೇ ಎಂದು ಮೊದಲೇ ಅಳೆದು ಹೇಳುವ ವರದಿಯನ್ನು) ಪೂರ್ತಿ ವರದಿ ಅಂತ ಒಪ್ಪಲೇಬಾರದು.

ಕೀನ್ಯಾದ ತುರ್ಕಾನಾ ಸರೋವರದ ಬಳಿಯ ಯೋಜನೆಯನ್ನೇ ನೋಡಿ. ಗಾಳಿ ಅಲ್ಲಿ ಅದ್ಭುತ. 365 ಟರ್ಬೈನ್, 310 ಮೆಗಾವ್ಯಾಟ್, ಎಲ್ಲವೂ 2017ಕ್ಕೇ ಸಿದ್ಧ. ಆದರೆ ವಿದ್ಯುತ್ತನ್ನು ಊರುಗಳಿಗೆ ಒಯ್ಯಬೇಕಿದ್ದ 400 ಕಿಲೋಮೀಟರಿಗೂ ಉದ್ದದ ಪ್ರಸರಣ ಮಾರ್ಗವೇ ಮುಗಿದಿರಲಿಲ್ಲ. ತಂತಿ ಹಾಯುವ ಜಮೀನಿನ ತಕರಾರು ಒಂದು ಕಡೆ, ಗುತ್ತಿಗೆ ಹಿಡಿದ ಸ್ಪೇನಿನ ಕಂಪನಿಯ ದಿವಾಳಿ ಇನ್ನೊಂದು ಕಡೆ. ಗ್ರಿಡ್‌ಗೆ ಸಂಪರ್ಕ ಸಿಕ್ಕಿದ್ದು 2018ರ ಸೆಪ್ಟೆಂಬರಿನಲ್ಲಿ. ಬಾರದ ವಿದ್ಯುತ್ತಿಗೂ ಒಪ್ಪಂದದಂತೆ ಪರಿಹಾರ ಕೊಡಬೇಕಾಗಿ ಬಂತು, ಅದರ ಭಾರ ಕೊನೆಗೆ ಬಿದ್ದದ್ದು ಜನರ ಮೇಲೆ. ಇಷ್ಟು ವಿದ್ಯುತ್ತನ್ನು ಬಳಸಿಕೊಳ್ಳಲಾಗದೆಯೂ ದುಡ್ಡು ಕಟ್ಟಬೇಕಾದೀತು ಎಂಬ ಆತಂಕದಿಂದ ವಿಶ್ವ ಬ್ಯಾಂಕ್ 2012ರಲ್ಲೇ ಹಿಂದೆ ಸರಿದಿತ್ತು!

ಹಾಗಂತ ಯೋಜನೆಯೇ ದಂಡ ಎನ್ನಲಾರೆ. ತಂತಿ ಬಂದ ಮೇಲೆ ಅದೇ ಸ್ಥಾವರ ದೇಶದ ವಿದ್ಯುತ್ತಿನ ಸುಮಾರು ಹತ್ತನೇ ಒಂದು ಭಾಗವನ್ನು ಕೊಡತೊಡಗಿತು, ಇಂಧನ ಆಮದಿನ ಖರ್ಚಿಲ್ಲದೆ.

ನೆಲದ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಅಲ್ಲಿನ ಪಶುಪಾಲಕರು ತಲೆಮಾರುಗಳಿಂದ ದನ ಮೇಯಿಸಿದ ಜಾಗ ಅದು. ಸುಮಾರು 1.5 ಲಕ್ಷ ಎಕರೆಯ ಹಕ್ಕುಪತ್ರ ಕೊಟ್ಟ ರೀತಿಯೇ ಕಾನೂನುಬಾಹಿರ ಎಂದು ನ್ಯಾಯಾಲಯ 2021ರಲ್ಲಿ ಹೇಳಿತು, ಟರ್ಬೈನ್‌ಗಳು ತಿರುಗತೊಡಗಿ ವರ್ಷಗಳಾದ ಮೇಲೆ. ಅದೇ ದೇಶದ ಕಿನಾಂಗೋಪ್‌ನಲ್ಲಿ 60 ಮೆಗಾವ್ಯಾಟ್ ಯೋಜನೆ ರೈತರ ವಿರೋಧದಿಂದ 2016ರಲ್ಲಿ ಪೂರ್ತಿ ನಿಂತೇಹೋಯಿತು. ಜನರ ಒಪ್ಪಿಗೆಯನ್ನು ವರದಿಯ ಕೊನೆಯ ಅನುಬಂಧಕ್ಕೆ ತಳ್ಳುವವರು ಈ ಎರಡನ್ನೂ ಓದಲಿ.

ಗಾಳಿಯ ಅಳತೆಯೂ ನಕ್ಷೆಯಿಂದ ಮುಗಿಯುವುದಿಲ್ಲ. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ಅನುಪಾತದಲ್ಲಿ ಏರುತ್ತದೆ: ಸೆಕೆಂಡಿಗೆ 6 ಮೀಟರ್ ಇದ್ದದ್ದು 7 ಆದರೆ ಶಕ್ತಿ ಹೆಚ್ಚೂಕಡಿಮೆ ಶೇ. 60 ಜಾಸ್ತಿ. ಅಂದಾಜು ಸ್ವಲ್ಪ ತಪ್ಪಿದರೂ ಆದಾಯದ ಲೆಕ್ಕ ಕುಸಿಯುತ್ತದೆ. ಅದಕ್ಕೇ ಕಂಬ ನೆಟ್ಟು ಕನಿಷ್ಠ ಒಂದು ವರ್ಷ ಅಳೆಯಬೇಕು, ಎಲ್ಲ ಋತುಗಳೂ ಅದರಲ್ಲಿ ಬರಬೇಕು. ಎತ್ತರದ ಪ್ರಸ್ಥಭೂಮಿಯಾದರೆ ಗಾಳಿಯ ಸಾಂದ್ರತೆ ಕಡಿಮೆ, ಅದರಿಂದ ತಗ್ಗುವ ಶಕ್ತಿಯನ್ನೂ ಲೆಕ್ಕದಲ್ಲಿ ಕಳೆಯಬೇಕು.

ಇನ್ನು ಸಾಲ. ಪವನ ವಿದ್ಯುತ್ತಿನ ವೆಚ್ಚದ ಬಹುಪಾಲು ಮೊದಲೇ ಸುರಿಯಬೇಕಾದದ್ದು, ಆದ್ದರಿಂದ ಯೂನಿಟ್ಟಿನ ಬೆಲೆ ನಿರ್ಧರಿಸುವುದರಲ್ಲಿ ಬಡ್ಡಿ ದರದ ಪಾತ್ರ ದೊಡ್ಡದು. ಅಷ್ಟೇ ಗಾಳಿ, ಅದೇ ಯಂತ್ರ, ಆದರೂ ಹೆಚ್ಚು ಬಡ್ಡಿ ತೆರುವ ದೇಶದಲ್ಲಿ ವಿದ್ಯುತ್ ದುಬಾರಿ. ಸಾಲ ಡಾಲರಿನಲ್ಲಿ, ಬಿಲ್ ವಸೂಲಿ ಸ್ಥಳೀಯ ಹಣದಲ್ಲಿ ಎಂದಾದರೆ ಕರೆನ್ಸಿ ಕುಸಿದಾಗಿನ ನಷ್ಟ ಯಾರದ್ದು ಎಂಬುದು ಸಹಿ ಹಾಕುವ ಮುಂಚೆಯೇ ತೀರ್ಮಾನವಾಗಬೇಕು, ಆ ಷರತ್ತು ಬಿಲ್ ಕಟ್ಟುವ ಜನರಿಗೂ ಓದಲು ಸಿಗಬೇಕು.