2,000 ರೂಪಾಯಿ ದಾಟಿದ ಯುಪಿಐಗೆ ಜಿಎಸ್‌ಟಿ ಇದೆಯಾ?

ಯುಪಿಐನಲ್ಲಿ 2,000 ರೂಪಾಯಿಗಿಂತ ಜಾಸ್ತಿ ಕಳಿಸಿದರೆ ಜಿಎಸ್‌ಟಿ ಬೀಳುತ್ತದೆ ಅನ್ನೋ ಮೆಸೇಜ್ ಓಡಾಡುತ್ತಿದೆ. ಇದು ಸುಳ್ಳು. 2025ರ ಏಪ್ರಿಲ್‌ನಲ್ಲೇ ಹಣಕಾಸು ಸಚಿವಾಲಯ ಇದನ್ನು ಅಲ್ಲಗಳೆದಿದೆ.

ಇಲ್ಲಿ ಜಿಎಸ್‌ಟಿ ಹಾಕುವುದು ಕಳಿಸಿದ ಹಣದ ಮೇಲಲ್ಲ, ಪಾವತಿ ಸೇವೆಯ ಶುಲ್ಕದ ಮೇಲೆ. ಅಂಗಡಿಯವರಿಂದ ಹಿಡಿಯುವ ಆ ಶುಲ್ಕಕ್ಕೆ ಎಂಡಿಆರ್ ಅಂತಾರೆ. ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ ಅದನ್ನು 2020ರ ಜನವರಿಯಿಂದಲೇ ತೆಗೆದಿದ್ದಾರೆ. ಶುಲ್ಕವೇ ಇಲ್ಲದಿದ್ದರೆ ತೆರಿಗೆ ಎಲ್ಲಿಂದ ಬರಬೇಕು, ಅಲ್ವಾ?

ದಿನಸಿ ಬಿಲ್ಲು 3,500 ಆಯಿತು ಅನ್ನಿ. ಸ್ಕ್ಯಾನ್ ಮಾಡಿದರೆ ಖಾತೆಯಿಂದ ಹೋಗುವುದು ಅಷ್ಟೇ. ಸಾಮಾನಿನ ಜಿಎಸ್‌ಟಿ ಬಿಲ್ಲಿನಲ್ಲೇ ಸೇರಿರುತ್ತದೆ, ನೋಟು ಕೊಟ್ಟರೂ ತಪ್ಪುವುದಿಲ್ಲ. ಈ ಮೆಸೇಜ್ ನಂಬಿ ವಯಸ್ಸಾದವರು ಸುಮ್ನೆ ಎಟಿಎಂಗೆ ಅಲೆಯುವುದು ನೋಡಿದರೆ ಬೇಜಾರಾಗುತ್ತದೆ. ದುಡ್ಡನ್ನು ಎರಡು ಸಲ ಒಡೆದು ಕಳಿಸುವ ಅಗತ್ಯವೂ ಇಲ್ಲ.