ಬನವಾಸಿ ಮತ್ತು ಸಿಂಧೂ ನಾಗರಿಕತೆ: ಒಂದು ಸ್ಪಷ್ಟನೆ

ವರದಾ ನದಿಯ ದಡದ ಬನವಾಸಿಯು ಹರಪ್ಪ, ಮೊಹೆಂಜೊದಾರೊಗಳಷ್ಟೇ ಹಳೆಯ ನಗರವೆಂದು ಸಾರುವ ಸಂದೇಶವೊಂದು ಶಿರಸಿಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಅದು ಸರಿಯಲ್ಲ. ಸಿಂಧೂ ಕಣಿವೆಯ ನಗರಗಳು ಉಚ್ಛ್ರಾಯದಲ್ಲಿದ್ದುದು ಸುಮಾರು ಕ್ರಿ.ಪೂ. 2600ರಿಂದ 1900ರವರೆಗೆ. ಬನವಾಸಿಯಲ್ಲಿ ದೊರೆತಿರುವ ಶಾತವಾಹನ ಹಾಗೂ ಚುಟು ಅರಸರ ಕಾಲದ ಶಾಸನಗಳು, ಅಲೆಕ್ಸಾಂಡ್ರಿಯದ ಭೂಗೋಳಜ್ಞ ಟಾಲೆಮಿ ಊರಿನ ಬಗ್ಗೆ ಮಾಡಿರುವ ಉಲ್ಲೇಖ, ಇವೆಲ್ಲ ಕ್ರಿಸ್ತಶಕದ ಆರಂಭದ ಶತಮಾನಗಳವು; ಮಯೂರಶರ್ಮನು ಕದಂಬ ರಾಜ್ಯ ಕಟ್ಟಿದ್ದು 4ನೆಯ ಶತಮಾನದಲ್ಲಿ. ಕದಂಬರ ರಾಜಧಾನಿಗೆ ಅದೇನೂ ಕಡಿಮೆ ವಯಸ್ಸಲ್ಲ. ವರದೆಯೂ ಸಿಂಧುವಿನಂತೆ ಅರಬ್ಬಿ ಸಮುದ್ರ ಸೇರುತ್ತದೆಂಬ ಮಾತು ಸಹ ತಪ್ಪು (ಶಿರಸಿಯಿಂದ ಘಟ್ಟ ಇಳಿಯುವ ಅಘನಾಶಿನಿಯೊಡನೆ ಗೊಂದಲವಾಗಿರಬೇಕು). ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಮೂರು ಕಡೆ ಬಳಸಿ, ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುವ ಅದರ ನೀರು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ.